ಬೀಗ ನಮ್ಮ ಲೈಬ್ರರಿಗೆ, ಚಾವಿ ಹುಬ್ಬಳ್ಳಿಯಲ್ಲಿ. ಏನು ಮಾಡಲಿ?

ಕುಮಟೆಯ ಅಕ್ಕೋರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಕುಮಟಾ ತಾಲೂಕಿನ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿ. ಊರಿನ ಹೆಸರು ಬೇಡ. ಹೊರಗಿನ ಬೋರ್ಡಿನಲ್ಲಿ 'ಅರಿವು ಕೇಂದ್ರ' ಅಂತಿದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿಯೇ. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದ ಮೇಲೆ ಒಂದೊಂದೇ ಸಾಮಾನು ಬಂತು. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಪಂಚಾಯತಿ ಆಫೀಸಿನಿಂದ ಗೋಡೆ ತೂತು ಮಾಡಿ ಎಳೆದ ಇಂಟರ್ನೆಟ್ ವೈರು. ಬಳಸಲು ದುಡ್ಡಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬರೆದು ಕೂರಬೇಕು, ಅಷ್ಟೇ.

ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ನಮ್ಮ ಲೈಬ್ರರಿಗೆ ಸುಗ್ಗಿ. ಬೋಟಿಗೆ ಹೋಗುವ ಹುಡುಗರು ಬಲೆ ರಿಪೇರಿ ಮಾಡಿ ಬೇಜಾರಾದಾಗ ಒಳಗೆ ಬರುತ್ತಾರೆ. ಪೇಪರ್ ತಿರುವುತ್ತಾರೆ, ಫೋನ್ ಚಾರ್ಜಿಗೆ ಇಡುತ್ತಾರೆ, ಕಂಪ್ಯೂಟರ್ ಮುಂದೆ ಕೂರುತ್ತಾರೆ. ಹೋದ ಮಳೆಗಾಲದಲ್ಲಿ ಇಬ್ಬರು ನೋಡಬಾರದ್ದನ್ನು ನೋಡುತ್ತಿದ್ದರು. ಸರಿಯಾಗಿ ಆಗಲೇ ಪಂಚಾಯತಿ ಸದಸ್ಯರೊಬ್ಬರು ಒಳಗೆ ಬಂದರು. ನಾನು ಎಲ್ಲಿದ್ದೆ? ಒಳಕೋಣೆಯಲ್ಲಿ, ಸೋರುವ ಜಾಗಕ್ಕೆ ಬಕೆಟ್ ಇಡುತ್ತಿದ್ದೆ.

ಮುಂದಿನ ಸಭೆಯಲ್ಲಿ ಗದ್ದಲವಾಯಿತು. ಎರಡು ವಾರ ಕಳೆದು ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ. ಕೆಟ್ಟ ಸೈಟು ತಡೆಯುವ ಫಿಲ್ಟರ್ ಅಂತ ರೂಟರ್ ಪಕ್ಕ ಒಂದು ಕಪ್ಪು ಡಬ್ಬಿ ಇಟ್ಟ, ಮೂರೂ ಕಂಪ್ಯೂಟರಿಗೆ ಏನೋ ಹಾಕಿದ. "ಮೇಡಂ, ಫುಲ್ ಸೇಫ್ ಮಾಡಿದ್ದೇನೆ" ಅಂದ. ಪಾಸ್‌ವರ್ಡ್ ಕೇಳಿದೆ. "ಅದು ನಮ್ಮ ಆಫೀಸಿನಲ್ಲಿ ಇರುತ್ತದೆ" ಅಂದ. ಆಮೇಲೆ ಅವನು ಫೋನ್ ಎತ್ತಿದ್ದು ಎರಡೇ ಸಲ.

ಈಗ ಏನಾಗಿದೆ ಅಂದರೆ, ಬ್ಲಾಗ್ ಅನ್ನುವುದೆಲ್ಲ ಬಂದ್. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹಳೆ ಪ್ರಶ್ನೆಪತ್ರಿಕೆ ಸಿಗುವುದು ಮಾಸ್ತರುಗಳು ಮಾಡಿಕೊಂಡ ಬ್ಲಾಗುಗಳಲ್ಲೇ. ಟೆಲಿಗ್ರಾಂ ಬಂದ್, ಪರೀಕ್ಷೆಗೆ ಓದುವವರ ಅರ್ಧ ನೋಟ್ಸು ಅದರಲ್ಲಿದೆ. ನಿವೃತ್ತ ಮಾಸ್ತರೊಬ್ಬರು ದಿನಾ ಮಧ್ಯಾಹ್ನ ಬಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿಟ್ಟ ಹಳೆ ಕನ್ನಡ ಪುಸ್ತಕ ಓದುತ್ತಿದ್ದರು. ಅದೂ ಬಂದ್, 'ಕಡತ ಹಂಚುವ ತಾಣ'ವಂತೆ. ಅವರು ಈಗ ಬರುವುದನ್ನೇ ಬಿಟ್ಟಿದ್ದಾರೆ. ಇತ್ತ ಬೆಟ್ಟಿಂಗ್ ಜಾಹೀರಾತು ಆರಾಮಾಗಿ ಬರುತ್ತದೆ. ಕನ್ನಡದಲ್ಲಿ ಬರೆದ ಹೊಲಸು ಕಥೆಗಳೂ ತೆರೆಯುತ್ತವೆ. ಪರೀಕ್ಷೆ ಮಾಡಿ ನೋಡಿದ್ದು ನಾನೇ, ಬಾಗಿಲು ಹಾಕಿಕೊಂಡು.

ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಹತ್ತು ದಿನದ ಹಿಂದೆ ಒಬ್ಬರು ಹೆಂಗಸು ಬಂದರು. ಯಾರು, ಎತ್ತ ಅಂತ ಬರೆಯುವುದಿಲ್ಲ. ಕೈಯಲ್ಲಿ ಲ್ಯಾಬಿನ ರಿಪೋರ್ಟ್ ಮಡಚಿ ಹಿಡಿದಿದ್ದರು. ರಿಜಿಸ್ಟರಿನಲ್ಲಿ ಹೆಸರು ಬರೆದು ಬಾಗಿಲ ಬದಿಯ ಕಂಪ್ಯೂಟರಿನಲ್ಲಿ ಕೂತರು. ರಿಪೋರ್ಟಿನಲ್ಲಿದ್ದ ಇಂಗ್ಲಿಷ್ ಪದಗಳನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದರು. ಎದೆಗೆ ಸಂಬಂಧಪಟ್ಟ ಪದ ಅದರಲ್ಲಿತ್ತು. ಪರದೆ ತುಂಬ ಕೆಂಪು ಬಂತು, 'ಅಶ್ಲೀಲ ವಿಷಯ, ತಡೆಯಲಾಗಿದೆ' ಅಂತ, ದಪ್ಪ ಅಕ್ಷರದಲ್ಲಿ. ಹಿಂದೆ ಬೋಟಿನ ಹುಡುಗರು ನಾಲ್ವರು ಕೂತಿದ್ದರು. ಒಬ್ಬ ನಕ್ಕ. ಆ ಹೆಂಗಸು ಪರದೆ ಆರಿಸಿ ಎದ್ದು ಹೋದರು. ಹೊರಗೆ ಧೋ ಅಂತ ಮಳೆ. ಅವರ ಕೊಡೆ ಇನ್ನೂ ನನ್ನ ಮೇಜಿನ ಪಕ್ಕದ ಮೊಳೆಯಲ್ಲೇ ಇದೆ.

ಪಂಚಾಯತಿ ಸಭೆ ಬರುವ ತಿಂಗಳಿದೆ. ಪತ್ರ ಬರೆಯಬೇಕು ಅಂದುಕೊಂಡಿದ್ದೇನೆ. ಫಿಲ್ಟರ್ ಪೂರ್ತಿ ತೆಗೆಸಿ ಅನ್ನಲೋ, ಸರಿ ಮಾಡಿಸಿ ಅನ್ನಲೋ? ಕಾನೂನು ಏನು ಹೇಳುತ್ತದೆ? ಈ ಡಬ್ಬಿಯ ತಲೆಬುಡ ಗೊತ್ತಿದ್ದವರು ದಯವಿಟ್ಟು ಹೇಳಿ.

ಬಂದರು ಬದಿಯವ, ಕಾರವಾರ:

ಇಷ್ಟೊಂದು ತಲೆಬಿಸಿ ಯಾಕೆ ಅಕ್ಕೋರೇ? ಈಗ ಎಲ್ಲರ ಕೈಯಲ್ಲೂ ಫೋನಿದೆ. ಕಂಪ್ಯೂಟರ್ ಮೂರನ್ನೂ ಶಾಲೆಗೆ ಕೊಟ್ಟುಬಿಡಿ, ಆ ಜಾಗದಲ್ಲಿ ಪುಸ್ತಕದ ಕಪಾಟು ಇಡಿ. ಲೈಬ್ರರಿ ಅಂದಮೇಲೆ ಪುಸ್ತಕ ಇರಬೇಕು.

ಕುಮಟೆಯ ಅಕ್ಕೋರು:

ಎಲ್ಲರ ಕೈಯಲ್ಲೂ ಫೋನಿದೆ, ಸರಿ. ಯಾರ ಫೋನು? ನಮ್ಮೂರಿನ ಎಷ್ಟೋ ಮನೆಯಲ್ಲಿ ಇಂಟರ್ನೆಟ್ ಇರುವ ಫೋನು ಒಂದೇ. ಅದು ಗಂಡನ ಕಿಸೆಯಲ್ಲೋ ಮಗನ ಕೈಯಲ್ಲೋ ಇರುತ್ತದೆ. ಹುಡುಕಿದ್ದೆಲ್ಲ ಅದರಲ್ಲಿ ಹಾಗೇ ಉಳಿಯುತ್ತದೆ. ಆ ಹೆಂಗಸು ಮಳೆಯಲ್ಲಿ ಲೈಬ್ರರಿ ತನಕ ಯಾಕೆ ಬಂದರು ಅಂತ ಸ್ವಲ್ಪ ಯೋಚಿಸಿ. ಇನ್ನೊಂದು, ನಾಲ್ಕು ದಾಖಲೆ ಅಪ್‌ಲೋಡ್ ಮಾಡುವ ಸರ್ಕಾರಿ ಅರ್ಜಿಯನ್ನು ಒಮ್ಮೆ ಫೋನಿನಲ್ಲಿ ತುಂಬಿ ನೋಡಿ, ಆಮೇಲೆ ಮಾತಾಡೋಣ.

ಘಟ್ಟದ ಮೇಲಿನ ವೈರ್‌ಮನ್, ಶಿರಸಿ:

ನಾನು ಶಿರಸಿ ಪೇಟೆಯಲ್ಲಿ ನೆಟ್‌ವರ್ಕ್ ಕೆಲಸ ಮಾಡುವವ. ಶಾಲೆ, ಸೊಸೈಟಿ, ಹೋಂಸ್ಟೇ ಎಲ್ಲ ಕಡೆ ಫಿಲ್ಟರ್ ಹಾಕಿದ್ದೇನೆ, ಬೈಸಿಕೊಂಡೂ ಇದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಓದಿ ನನಗೆ ನಿಜಕ್ಕೂ ಹೆದರಿಕೆ ಆಯಿತು. ಅದು ಕೆಂಪು ಪುಟದ ವಿಷಯ ಅಲ್ಲ. 'ಮೂರೂ ಕಂಪ್ಯೂಟರಿಗೆ ಏನೋ ಹಾಕಿದ' ಅಂದಿರಲ್ಲ, ಅದು.

ಬಿಡಿಸಿ ಹೇಳುತ್ತೇನೆ. ನೀವು ಒಂದು ಸೈಟಿನ ಹೆಸರು ಹೊಡೆದಾಗ ಕಂಪ್ಯೂಟರ್ ಮೊದಲು ಡಿಎನ್‌ಎಸ್ ಅನ್ನುವ ವಿಳಾಸದ ಪುಸ್ತಕ ನೋಡುತ್ತದೆ. ಕೆಟ್ಟ ಸೈಟುಗಳ ವಿಳಾಸವನ್ನು ಆ ಪುಸ್ತಕ ಹೇಳದೇ ಹೋದರೆ ಸೈಟ್ ತೆರೆಯುವುದಿಲ್ಲ. ಎಲ್ಲಕ್ಕಿಂತ ಹಗುರದ ಫಿಲ್ಟರ್ ಇದು. ಪುಕ್ಕಟೆ ಸಿಗುತ್ತದೆ. ಕ್ಲೌಡ್‌ಫ್ಲೇರ್‌ನವರದ್ದು 1.1.1.3 ಅಂತ ಇದೆ. ಅದು ವೈರಸ್ ಸೈಟನ್ನೂ ವಯಸ್ಕರ ಸೈಟನ್ನೂ ತಡೆಯುತ್ತದೆ. 1.1.1.2 ಬರೀ ವೈರಸ್ ಸೈಟನ್ನು ತಡೆಯುತ್ತದೆ. ರೂಟರಿನಲ್ಲೋ ಕಂಪ್ಯೂಟರಿನಲ್ಲೋ ಈ ಅಂಕಿ ಬರೆದರೆ ಮುಗಿಯಿತು, ಡಬ್ಬಿ ಬೇಡ, ಹುಬ್ಬಳ್ಳಿ ಹುಡುಗನೂ ಬೇಡ.

ಆದರೆ ವಿಳಾಸದ ಪುಸ್ತಕಕ್ಕೆ ಸೈಟಿನ ಹೆಸರು ಮಾತ್ರ ಗೊತ್ತು, ನೀವು ಒಳಗೆ ಏನು ಹುಡುಕಿದಿರಿ ಅಂತ ಗೊತ್ತಾಗುವುದಿಲ್ಲ. ಈಗ ಹೆಚ್ಚುಕಡಿಮೆ ಎಲ್ಲ ಸೈಟುಗಳೂ ಮುಚ್ಚಿದ ಲಕೋಟೆಯಲ್ಲೇ ಮಾತಾಡುತ್ತವೆ. ಹೊರಗಿನ ವಿಳಾಸ ಪೋಸ್ಟ್‌ಮ್ಯಾನ್ ಓದಬಹುದು, ಒಳಗಿನ ಕಾಗದ ಓದಲಾಗುವುದಿಲ್ಲ. ಹಾಗಿದ್ದ ಮೇಲೆ ಆ ತಾಯಿ ಟೈಪ್ ಮಾಡಿದ ಪದ ಡಬ್ಬಿಗೆ ಹೇಗೆ ಗೊತ್ತಾಯಿತು? ಒಂದೋ ಬ್ರೌಸರಿನೊಳಗೆ ಎಕ್ಸ್‌ಟೆನ್ಶನ್ ಅನ್ನುವ ಸಣ್ಣ ಪ್ರೋಗ್ರಾಂ ಕೂರಿಸಿದ್ದಾನೆ. ಇಲ್ಲವೋ ಕಂಪ್ಯೂಟರಿನಲ್ಲಿ ತನ್ನದೇ ಸರ್ಟಿಫಿಕೇಟ್ (ಸೈಟು ಅಸಲಿ ಅಂತ ತೋರಿಸುವ ಗುರುತಿನ ಚೀಟಿ ಇದ್ದ ಹಾಗೆ) ಹಾಕಿ, ಎಲ್ಲ ಲಕೋಟೆಯನ್ನೂ ದಾರಿಯಲ್ಲಿ ಒಡೆದು ಓದಿ ಮತ್ತೆ ಅಂಟಿಸಿ ಕಳಿಸುತ್ತಿದ್ದಾನೆ. ಎರಡನೆಯದಾಗಿದ್ದರೆ ಹುಡುಕಿದ ಪದ ಒಂದೇ ಅಲ್ಲ, ಇಮೇಲ್ ಪಾಸ್‌ವರ್ಡ್, ಬ್ಯಾಂಕ್ ಲಾಗಿನ್ ಎಲ್ಲವೂ ಆ ಡಬ್ಬಿಯ ಕಣ್ಣಿಗೆ ಬೀಳಬಹುದು. ಅವನು ಕಳ್ಳ ಅಂತ ಹೇಳುತ್ತಿಲ್ಲ. ಚಾವಿ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲದ ಡಬ್ಬಿಗೆ ಊರಿನ ಗುಟ್ಟೆಲ್ಲ ಹೋಗುತ್ತಿದೆ, ಅಷ್ಟು ಸಾಕಲ್ವಾ?

ನೋಡುವುದು ಸುಲಭ. ಗೂಗಲ್ ಪುಟ ತೆರೆಯಿರಿ. ವಿಳಾಸದ ಎಡಗಡೆ ಇರುವ ಚಿಹ್ನೆ ಒತ್ತಿ, ಸರ್ಟಿಫಿಕೇಟ್ ತೆಗೆದು ನೋಡಿ. ಕೊಟ್ಟವರು 'ಗೂಗಲ್ ಟ್ರಸ್ಟ್ ಸರ್ವಿಸಸ್' ಅಂತ ಇರಬೇಕು. ಬೇರೆ ಹೆಸರು ಇದ್ದರೆ ಲಕೋಟೆ ಒಡೆಯುತ್ತಿದ್ದಾರೆ ಅಂತಲೇ ಅರ್ಥ. ಅಲ್ಲಿಯತನಕ ಆ ಕಂಪ್ಯೂಟರಿನಲ್ಲಿ ಯಾರಿಗೂ ಬ್ಯಾಂಕಿನ ಕೆಲಸ ಮಾಡಲು ಬಿಡಬೇಡಿ.

ಇನ್ನು ಪದ ನೋಡಿ ತಡೆಯುವ ಫಿಲ್ಟರಿನ ಪೆದ್ದುತನ ಹಳೆಯ ಕಥೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಇಂಟರ್ನೆಟ್ ಕೊಡುವ ಎಒಎಲ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ನಡುವೆ ಇಂಗ್ಲಿಷಿನ ಒಂದು ಕೆಟ್ಟ ಪದ ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಊರು ಬಿಡಿ, ಮಕ್ಕಳ ಹೆಸರೇ ಸಾಕು. ಹರ್ಷಿತಾ, ರಕ್ಷಿತ್, ಅಕ್ಷಿತಾ ಅಂತ ಇಂಗ್ಲಿಷಿನಲ್ಲಿ ಬರೆದು ನೋಡಿ. ನಡುವೆ ನಾಲ್ಕಕ್ಷರದ ಬೈಗುಳ ಕೂತಿರುತ್ತದೆ. ಒಂದು ಶಾಲೆಯಲ್ಲಿ ಹಾಜರಿ ಫೈಲೇ ತೆರೆಯುತ್ತಿರಲಿಲ್ಲ, ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಆ ತರಗತಿಯಲ್ಲಿ ಮೂವರು ಹರ್ಷಿತಾ ಇದ್ದರು! ಕನ್ನಡದ ಹೊಲಸು ಯಾಕೆ ದಾಟಿ ಬರುತ್ತದೆ ಅಂದರೆ ಆ ಪಟ್ಟಿ ಬರೆದವರಿಗೆ ಕನ್ನಡ ಬರುವುದಿಲ್ಲ. ಬೈಗುಳ ಕಲಿಸಲು ನಮ್ಮವರನ್ನು ಯಾರಾದರೂ ಕರೆದಿದ್ದಾರೆಯೇ?

ಡಿಎನ್‌ಎಸ್ ಫಿಲ್ಟರೂ ತಪ್ಪು ಮಾಡುತ್ತದೆ, ನಾನು ಸುಳ್ಳು ಹೇಳುವುದಿಲ್ಲ. 1.1.1.3 ಶುರುವಾದದ್ದು 2020ರ ಏಪ್ರಿಲ್ 1ಕ್ಕೆ. ಮೊದಲ ದಿನವೇ ಲೈಂಗಿಕ ಅಲ್ಪಸಂಖ್ಯಾತರಿಗೆ ಮಾಹಿತಿ ಕೊಡುವ ಒಳ್ಳೆಯ ಸೈಟುಗಳನ್ನೂ ತಡೆದು, ಕಂಪನಿಯವರು ಕ್ಷಮೆ ಕೇಳಿ ಸರಿ ಮಾಡಿದರು. ಮತ್ತೆ, ಯಾವ ಫಿಲ್ಟರ್ ಹಾಕಿದರೂ ಹುಡುಗರು ತಮ್ಮ ಫೋನಿನ ಡೇಟಾ ಹಾಕಿಕೊಂಡರೆ ಅದಕ್ಕೇನೂ ಮಾಡಲಾಗದು.

ಅಂಕೋಲೆಯ ಅಮ್ಮ:

ಎಲ್ಲ ಓದಿದೆ. ನಾನು ಹೇಳುವುದು ನಿಮಗೆ ರುಚಿಸದೇ ಇರಬಹುದು.

ನನ್ನ ಮಗನಿಗೆ ಹನ್ನೆರಡು. ಹೋದ ವರ್ಷ ನಮ್ಮ ಬದಿಯ ಒಂದು ಕಡೆ, ಲೈಬ್ರರಿ ಅಲ್ಲ, ಬೇರೆ ಜಾಗ, ಕಂಪ್ಯೂಟರಿನಲ್ಲಿ ಆಟದ ಹೆಸರು ಹುಡುಕಿದ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತಂತೆ. ಏನು ಬಂತೋ ನನಗೆ ಪೂರ್ತಿ ಗೊತ್ತಿಲ್ಲ, ಅವನು ಹೇಳಿದ್ದು ಅರ್ಧ. ಒಂದು ವಾರ ದೀಪ ಆರಿಸಿ ಮಲಗಲು ಬಿಡಲಿಲ್ಲ. ಬಂಗಡೆ ಸಾರು ಅಂದರೆ ಪ್ರಾಣ ಬಿಡುವ ಹುಡುಗ ತಟ್ಟೆ ಮುಂದೆ ಸುಮ್ನೆ ಕೂತಿರುತ್ತಿದ್ದ.

ಪೆದ್ದು ಫಿಲ್ಟರ್, ಸ್ಕನ್‌ಥಾರ್ಪ್ ಅಂತ ಬರೆದು ನಗುವುದು ಸುಲಭ. ಆ ಹೆಂಗಸಿನ ವಿಷಯ ಓದಿ ನನಗೂ ಹೊಟ್ಟೆ ಚುರ್ರ್ ಅಂದಿತು. ಆದರೆ ಪಂಚಾಯತಿ ಸದಸ್ಯರು ಗದ್ದಲ ಮಾಡಿದ್ದು ಪೂರ್ತಿ ತಪ್ಪು ಅಂತ ನನಗೆ ಅನಿಸುವುದಿಲ್ಲ. ಮಕ್ಕಳು ಕೂರುವ ಕಂಪ್ಯೂಟರಿಗೆ ಏನಾದರೂ ತಡೆ ಇರಲೇಬೇಕು. ಅಕ್ಕೋರು ಬಕೆಟ್ ಇಡಲು ಒಳಗೆ ಹೋದರೆ ಹೊರಗೆ ಯಾರು ನೋಡುತ್ತಾರೆ?

ಕುಮಟೆಯ ಅಕ್ಕೋರು:

ಇಲ್ಲ ತಂಗಿ, ರುಚಿಸಲಿಲ್ಲ ಅಂತ ಏನೂ ಇಲ್ಲ. ನಿಮ್ಮ ಮಾತು ನನ್ನ ಪತ್ರದಲ್ಲಿ ಇರಲೇಬೇಕಾದ ಮಾತು. ಬಕೆಟ್ ವಿಷಯಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ. ಮೂರು ವರ್ಷದಿಂದ ಹೆಂಚು ಬದಲಿಸಿ ಅಂತ ಕೇಳುತ್ತಿದ್ದೇನೆ. ಡಬ್ಬಿಗೆ ದುಡ್ಡು ಎರಡೇ ವಾರದಲ್ಲಿ ಬಂತು.

ಹಳೆ ವಕೀಲ, ಕಾರವಾರ:

ಕಾನೂನು ಕೇಳಿದ್ದೀರಿ. ಉದ್ದ ಆಗದ ಹಾಗೆ ನೋಡುತ್ತೇನೆ, ನಮ್ಮ ಕಸುಬಿನವರಿಗೆ ಅದು ಕಷ್ಟ.

ದೇಶದ ಮಟ್ಟದಲ್ಲಿ ಸೈಟ್ ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಐಟಿ ಕಾಯಿದೆ 2000ರ 69ಎ ಕಲಂ, ಅದರಡಿ 2009ರ ನಿಯಮಗಳು. 2015ರ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್ ಬರಹಕ್ಕೆ ಶಿಕ್ಷೆ ಹೇಳುತ್ತಿದ್ದ 66ಎ ಕಲಮನ್ನು ಹೊಡೆದು ಹಾಕಿತು, 69ಎ ಉಳಿಸಿತು. ಹಾಗೆ ತಡೆದದ್ದು ಇಂಟರ್ನೆಟ್ ಕೊಡುವ ಕಂಪನಿಯ ಹಂತದಲ್ಲೇ ನಿಲ್ಲುತ್ತದೆ, ನಿಮ್ಮ ಕೋಣೆಗೆ ಬರುವುದೇ ಇಲ್ಲ. ಅಲ್ಲೂ ಎಡವಟ್ಟು ಇಲ್ಲ ಅಂತಲ್ಲ. 2015ರ ಜುಲೈ ಕೊನೆಗೆ 857 ಸೈಟುಗಳನ್ನು ತಡೆಯಲು ಹೇಳಿ, ಗಲಾಟೆ ಆದಮೇಲೆ ಕೆಲವೇ ದಿನದಲ್ಲಿ ಸಡಿಲಿಸಿದರು. ನಿಮ್ಮ ಆ ಮಾಸ್ತರು ಓದುವ ಇಂಟರ್ನೆಟ್ ಆರ್ಕೈವ್ ಕೂಡ 2017ರಲ್ಲಿ ಒಮ್ಮೆ ದೇಶವಿಡೀ ಬಂದ್ ಆಗಿತ್ತು. ಹಿಂದಿ ಸಿನಿಮಾ ಕಳ್ಳಪ್ರತಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಪಟ್ಟಿಯಲ್ಲಿ ಅದೂ ಸೇರಿಕೊಂಡಿತ್ತು. ಅವರಿಗೆ ಇದು ಎರಡನೇ ಸಲದ ಪೆಟ್ಟು.

ನಿಮ್ಮ ಡಬ್ಬಿಯದ್ದು ಬೇರೆ ವಿಷಯ. ಅದು ಪಂಚಾಯತಿ ತಾನೇ ತೆಗೆದುಕೊಂಡ ತೀರ್ಮಾನ. 'ಸೈಬರ್ ಕೆಫೆ ನಿಯಮ ಇದೆ' ಅಂತ ಸಭೆಯಲ್ಲಿ ಯಾರಾದರೂ ಹೇಳಬಹುದು. 2011ರ ಆ ನಿಯಮ ನಿಜಕ್ಕೂ ಇದೆ. ಬಂದವರ ಗುರುತಿನ ಚೀಟಿ ನೋಡಬೇಕು, ದಾಖಲೆ ಒಂದು ವರ್ಷ ಇಡಬೇಕು, ಮರೆಯ ಹಲಗೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಅದರಲ್ಲೂ ಫಿಲ್ಟರ್ ವಿಷಯಕ್ಕೆ 'ಹಾಕಬಹುದು' ಅಂತಿದೆ, 'ಹಾಕಲೇಬೇಕು' ಅಂತಿಲ್ಲ. ಅದಕ್ಕಿಂತ ದೊಡ್ಡದು, ಸೈಬರ್ ಕೆಫೆ ಅಂದರೆ ವ್ಯಾಪಾರವಾಗಿ ಜನರಿಗೆ ಇಂಟರ್ನೆಟ್ ಕೊಡುವ ಜಾಗ ಅಂತ ಕಾಯಿದೆಯೇ ಹೇಳುತ್ತದೆ. ನೀವು ವ್ಯಾಪಾರ ಮಾಡುತ್ತಿಲ್ಲ. ಪುಕ್ಕಟೆ ಅಂತಲೂ ಹೇಳಬೇಡಿ. 1965ರ ಗ್ರಂಥಾಲಯ ಕಾಯಿದೆಯ ಲೆಕ್ಕದಲ್ಲಿ ಮನೆ ತೆರಿಗೆಯ ಪ್ರತಿ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ಹೋಗುತ್ತದೆ. ರಸೀದಿ ತೆಗೆದು ನೋಡಿ.

ಒಂದು ಎಚ್ಚರಿಕೆ. ಮಕ್ಕಳ ಅಶ್ಲೀಲ ಚಿತ್ರಗಳ ವಿಷಯದಲ್ಲಿ 67ಬಿ ಕಲಂ ಬಹಳ ಬಿಗಿ. ಹಂಚುವುದಷ್ಟೇ ಅಲ್ಲ, ಹುಡುಕಿ ನೋಡುವುದೂ ಅಪರಾಧ. ಅಲ್ಲಿ ಹಕ್ಕು ಗಿಕ್ಕು ಅಂತ ಮಾತಿಲ್ಲ. ಪತ್ರದಲ್ಲಿ ಇದನ್ನು ನೀವೇ ಮೊದಲು ಬರೆಯಿರಿ, ಬೇರೆಯವರು ಎತ್ತುವ ತನಕ ಕಾಯಬೇಡಿ.

ಇದೇ ಜಗಳ ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಅಲ್ಲಿ 2000ರಲ್ಲಿ 'ಸಿಪಾ' ಅಂತ ಕಾಯಿದೆ ಮಾಡಿದರು. ಕೇಂದ್ರದ ಇಂಟರ್ನೆಟ್ ನೆರವು ಬೇಕಾದರೆ ಗ್ರಂಥಾಲಯಗಳು ಅಶ್ಲೀಲ ಚಿತ್ರ ತಡೆಯುವ ಫಿಲ್ಟರ್ ಹಾಕಬೇಕು ಅಂತ. ಗಮನಿಸಿ, ಚಿತ್ರ, ಬರಹ ಅಲ್ಲ. ಅಲ್ಲಿನ ಗ್ರಂಥಾಲಯ ಸಂಘವೇ ಕೋರ್ಟಿಗೆ ಹೋಯಿತು. 2003ರಲ್ಲಿ ಆರು ಮೂರರಲ್ಲಿ ಕಾಯಿದೆ ಗೆದ್ದಿತು. ಗೆಲ್ಲಲು ಒಂದು ದೊಡ್ಡ ಕಾರಣ, ದೊಡ್ಡವರು ಬಂದು ಕೇಳಿದರೆ ಗ್ರಂಥಪಾಲಕರು ಫಿಲ್ಟರ್ ತೆಗೆದುಕೊಡಬಹುದು ಅನ್ನುವ ಅವಕಾಶ. ಕೇಳಲು ನಾಚಿಕೆ ಆಗುವುದಿಲ್ಲವೇ ಅನ್ನುವ ಪ್ರಶ್ನೆ ಅಲ್ಲೂ ಬಂತು. ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದದ್ದು, ಗ್ರಂಥಾಲಯದಲ್ಲಿ ಮುಜುಗರವೇ ಇಲ್ಲದೆ ಮಾಹಿತಿ ಪಡೆಯುವ ಖಾತ್ರಿಯನ್ನು ಸಂವಿಧಾನ ಕೊಟ್ಟಿಲ್ಲ ಅಂತ. ಕಾನೂನಿನ ಮಾತಾಗಿ ಸರಿ ಇರಬಹುದು. ಅವರು ನಿಮ್ಮ ಮೊಳೆಯಲ್ಲಿ ನೇತಾಡುವ ಕೊಡೆ ನೋಡಿರಲಿಲ್ಲ.

ನಮ್ಮ ಕಡೆಯದ್ದು ಬೇಕಿದ್ದರೆ 2019ರ ಕೇರಳ ಹೈಕೋರ್ಟ್ ತೀರ್ಪು ಹಾಕಿ, ಫಹೀಮಾ ಶಿರಿನ್ ಪ್ರಕರಣ. ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರ ತನಕ ಫೋನ್ ಒಪ್ಪಿಸಬೇಕು ಅನ್ನುವ ನಿಯಮಕ್ಕೆ ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದ್ದರು. ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನೊಳಗೂ ಖಾಸಗಿತನದ ಹಕ್ಕಿನೊಳಗೂ ಬರುತ್ತದೆ ಅಂತ ಕೋರ್ಟ್ ಹೇಳಿತು. ನಿಮ್ಮ ಸಭೆಗೆ ಅದೇ ಹತ್ತಿರ.

ಪಿಡಿಒ ಆಗಬೇಕು, ಹೊನ್ನಾವರ:

ನಾನು ಬೇರೆ ಲೈಬ್ರರಿಯಲ್ಲಿ ಕೂತು ಓದುವವ. ಒಂದು ವಿಷಯ ಯಾರೂ ಹೇಳಲಿಲ್ಲ. ರಿಜಿಸ್ಟರ್.

ನಮ್ಮಲ್ಲಿ ಹೆಸರು, ಫೋನ್ ನಂಬರ್, ಸಮಯ, ಅದರ ಪಕ್ಕ 'ಏನು ನೋಡುತ್ತೀರಿ' ಅಂತ ಒಂದು ಕಾಲಂ. ಎಲ್ಲರೂ 'ಓದಲು' ಅಂತ ಬರೆಯುತ್ತೇವೆ. ರಿಜಿಸ್ಟರ್ ಬಾಗಿಲಲ್ಲೇ ದಾರ ಕಟ್ಟಿ ಇಟ್ಟಿರುತ್ತದೆ. ಬಂದವರೆಲ್ಲ ಮೊದಲು ಪುಟ ತಿರುವಿ ನಿನ್ನೆ ಯಾರು ಬಂದಿದ್ದರು ಅಂತ ನೋಡುತ್ತಾರೆ. ಹುಡುಗಿಯರ ಫೋನ್ ನಂಬರ್ ಅಲ್ಲಿಂದಲೇ ಹೋಗಿ, ರಾತ್ರಿ ಕಾಲ್ ಬಂದು, ಒಬ್ಬಳು ಓದಲು ಬರುವುದನ್ನೇ ಬಿಟ್ಟಳು. ಫಿಲ್ಟರ್ ಹಾಕುವವರಿಗೆ ಅದು ಕಾಣುವುದಿಲ್ಲ.

ಅಕ್ಕೋರೇ, ಆ ರಿಜಿಸ್ಟರ್ ನಿಮ್ಮ ಮೇಜಿನೊಳಗೆ ಇಡಿ. ಮತ್ತೆ ಟೆಲಿಗ್ರಾಂ ಹೇಗಾದರೂ ಬಿಡಿಸಿ, ಪುಣ್ಯ ಬರುತ್ತದೆ.

ಘಟ್ಟದ ಮೇಲಿನ ವೈರ್‌ಮನ್, ಶಿರಸಿ:

ಈ ಹುಡುಗ ಹೇಳಿದ್ದು ನನ್ನ ಅಷ್ಟೂ ಭಾಷಣಕ್ಕಿಂತ ಉಪಯೋಗದ ಮಾತು. ಅಕ್ಕೋರೇ, ಬರುವ ಗುರುವಾರ ಕುಮಟೆಗೆ ಇಳಿಯುವುದಿದೆ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿಯದಿದ್ದರೆ. ಪಿಡಿಒ ಅವರ ಒಪ್ಪಿಗೆ ಕಾಗದದಲ್ಲಿ ತೆಗೆದಿಡಿ. ಬಾಯಿಮಾತಿನ ಒಪ್ಪಿಗೆಗೆ ನಾನು ಡಬ್ಬಿ ಮುಟ್ಟುವುದಿಲ್ಲ.

ಕುಮಟೆಯ ಅಕ್ಕೋರು:

ಐದು ವಾರ ಆಯಿತು, ಏನಾಯಿತು ಅಂತ ಹೇಳದೇ ಕೂತರೆ ಸರಿಯಲ್ಲ.

ಸರ್ಟಿಫಿಕೇಟ್ ನೋಡಿದೆ. ಗೂಗಲ್ ಹೆಸರಿರಲಿಲ್ಲ, ಆ ಡಬ್ಬಿಯ ಹೆಸರಿತ್ತು. ವೈರ್‌ಮನ್ ತಮ್ಮ ಹೇಳಿದ್ದು ನಿಜ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಸ್ವಂತ ಪಾಸ್‌ಬುಕ್ ಕೆಲಸವನ್ನೂ ಅದೇ ಕಂಪ್ಯೂಟರಿನಲ್ಲಿ ಮಾಡುತ್ತಿದ್ದೆ. ಬೆಳಗಾಗುವ ಮೊದಲು ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ರಿಜಿಸ್ಟರ್ ತೆಗೆದು, ಅರ್ಜಿ ತುಂಬಲು ಬಂದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿದೆ, ನೀವೂ ಬದಲಿಸಿಕೊಳ್ಳಿ ಅಂತ. ರಿಜಿಸ್ಟರ್ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಈಗ ಅದು ಡ್ರಾಯರಿನಲ್ಲಿದೆ. ಫೋನ್ ನಂಬರಿನ ಕಾಲಂ ಮೇಲೆ ಕಾಗದ ಅಂಟಿಸಿದ್ದೇನೆ.

ಪತ್ರದಲ್ಲಿ ಅಮೆರಿಕ ಹಾಕಲಿಲ್ಲ. ಹಾಕಿದ್ದರೆ 'ಅಕ್ಕೋರು ದೊಡ್ಡವರಾದರು' ಅನ್ನುತ್ತಿದ್ದರು. 67ಬಿ ಮೊದಲು ಬರೆದೆ. ಆಮೇಲೆ ಅಂಕೋಲೆಯ ತಂಗಿಯ ಮಗನ ವಿಷಯ, ಹೆಸರಿಲ್ಲದೆ. ಆಮೇಲೆ ಸರ್ಟಿಫಿಕೇಟ್. ಸಭೆಯಲ್ಲಿ ಎಲ್ಲರೂ ಎದ್ದು ಕೂತದ್ದು ಬ್ಯಾಂಕಿನ ಪಾಸ್‌ವರ್ಡ್ ಅಂದಾಗ. ಹೆಂಗಸಿನ ವಿಷಯ ನಾನು ಎತ್ತಲೇ ಇಲ್ಲ. 'ಕಾಯಿಲೆಯ ಮಾಹಿತಿಯೂ ತೆರೆಯುತ್ತಿಲ್ಲ' ಅಂತ ಒಂದು ಸಾಲು ಬರೆದು ಬಿಟ್ಟೆ. ಯಾರು ಅಂತ ಕೇಳುವವರು ಕೇಳಿಯೇ ಕೇಳುತ್ತಾರೆ, ಸಣ್ಣ ಊರು.

ಗದ್ದಲ ಮಾಡಿದ್ದ ಸದಸ್ಯರು ಕೊನೆಗೆ ಹೇಳಿದ್ದು, "ಮಕ್ಕಳದ್ದು ಬಿಗಿ ಇರಲಿ. ದೊಡ್ಡವರದ್ದು ನಿಮ್ಮ ಜವಾಬ್ದಾರಿ, ಬರೆದುಕೊಡಿ." ಬರೆದುಕೊಟ್ಟೆ. ಈಗ ಡಬ್ಬಿ ಇಲ್ಲ. ಬಾಗಿಲ ಬದಿಯ ಎರಡು ಕಂಪ್ಯೂಟರಿಗೆ 1.1.1.3. ಗೂಗಲ್‌ನಲ್ಲಿ ಸೇಫ್‌ಸರ್ಚ್, ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್. ಮಕ್ಕಳ ಪಾಠದ ವಿಡಿಯೋ ಒಂದೆರಡು ಅದರಲ್ಲೂ ಸಿಗುತ್ತಿಲ್ಲ, ನೋಡಬೇಕು. ಹದಿನೆಂಟು ದಾಟಿದವರಿಗೆ ಮೂಲೆಯಲ್ಲಿ ಒಂದು ಕಂಪ್ಯೂಟರ್, ಪರದೆ ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇವೆ. ಅದಕ್ಕೆ 1.1.1.2 ಅಷ್ಟೇ. ಕೂರುವವರು ನನ್ನನ್ನು ಏನೂ ಕೇಳಬೇಕಾಗಿಲ್ಲ, ನಾನೂ ಏನೂ ಕೇಳುವುದಿಲ್ಲ. ಈ ಒಂದು ವಿಷಯಕ್ಕೆ ಸಭೆಯಲ್ಲಿ ಹಟ ಹಿಡಿದೆ. 'ಬೇಕಾದವರು ನಿಮ್ಮ ಹತ್ತಿರ ಕೇಳಿ ತೆಗೆಸಿಕೊಳ್ಳಲಿ' ಅಂತ ಅವರು ಅಂದಿದ್ದರು. ಕೇಳಬೇಕಾಗಿ ಬಂದರೆ ನಮ್ಮೂರಿನ ಯಾವ ಹೆಂಗಸೂ ಕೇಳುವುದಿಲ್ಲ, ಅದು ಅವರಿಗೂ ಗೊತ್ತು. ಚಾವಿ ಈಗ ನನ್ನ ಹತ್ತಿರ ಇದೆ. ಇನ್ನೊಂದು ಪ್ರತಿ ಪಿಡಿಒ ಅವರ ಹತ್ತಿರ.

ಮಾಸ್ತರಿಗೆ ಫೋನ್ ಮಾಡಿದೆ. ಸೋಮವಾರದಿಂದ ಮತ್ತೆ ಬರುತ್ತಿದ್ದಾರೆ. ಮೂಲೆಯ ಕಂಪ್ಯೂಟರ್ ನನಗೇ ಬೇಕು ಅಂತ ದಿನಾ ಜಗಳ ಬೇರೆ. ಹೆಂಚು ಇನ್ನೂ ಬದಲಾಗಿಲ್ಲ.

ಬಂದರು ಬದಿಯವ, ಕಾರವಾರ:

ಆಯ್ತು ಮಾರಾಯ್ರೆ, ಕಂಪ್ಯೂಟರ್ ಇಟ್ಟುಕೊಳ್ಳಿ. ಸೋತೆ. ಆ ಕೊಡೆ ಏನಾಯಿತು ಅಂತ ಹೇಳಲೇ ಇಲ್ಲವಲ್ಲ?

ಕುಮಟೆಯ ಅಕ್ಕೋರು:

ಹೋದ ಮಂಗಳವಾರ ಏಳೆಂಟು ವರ್ಷದ ಹುಡುಗಿ ಬಂದು "ಚಿಕ್ಕಿಯ ಕೊಡೆ ಕೊಡಬೇಕಂತೆ" ಅಂದಳು. ತೆಗೆದುಕೊಟ್ಟೆ. ಮೂಲೆಯ ಕಂಪ್ಯೂಟರ್ ವಿಷಯ ಹೇಳಿ ಕಳಿಸೋಣ ಅಂತ ಬಾಯಿ ತನಕ ಬಂತು. ಮಗುವಿನ ಹತ್ತಿರ ಏನಂತ ಹೇಳುವುದು? "ಲೈಬ್ರರಿಯಲ್ಲಿ ಈಗ ಕೂರುವ ಜಾಗ ಬದಲಾಗಿದೆ, ಮಧ್ಯಾಹ್ನ ಜನ ಇರುವುದಿಲ್ಲ ಅಂತ ಚಿಕ್ಕಿಗೆ ಹೇಳು" ಅಂದೆ. ತಲೆ ಆಡಿಸಿ ಓಡಿದಳು. ಕೊಡೆ ಬಿಡಿಸಲೇ ಇಲ್ಲ.